ನೀಟ್ ಮರುಯತ್ನ: ಪದವಿಯ ವಿಷಯವೂ ಮುಖ್ಯ

ಮಾನ್ಯ ಸಂಪಾದಕರೇ,

ನೀಟ್‌ನಲ್ಲಿ ಸೀಟು ಕೈತಪ್ಪಿದ ನನ್ನ ಮಗಳು, ಮತ್ತೊಮ್ಮೆ ಪರೀಕ್ಷೆ ಬರೆಯುವ ನಿರ್ಧಾರದೊಂದಿಗೇ ಬೆಂಗಳೂರಿನ ಕಾಲೇಜೊಂದಕ್ಕೆ ಬಿ.ಎಸ್ಸಿ. ಸೇರಲು ಹೋದಾಗ, ಪ್ರವೇಶ ವಿಭಾಗದವರು ‘ಹೇಗಿದ್ದರೂ ಮೆಡಿಕಲ್‌ಗೆ ಹೋಗುವವಳಲ್ಲವೇ, ಯಾವುದಾದರೇನು’ ಎನ್ನುತ್ತಾ ಸೀಟು ಖಾಲಿಯಿದ್ದ ವಿಷಯಕ್ಕೆ ತಾವೇ ಗುರುತು ಹಾಕಿದರು. ಅವಳು ಪೆನ್ನು ಹಿಡಿದು ಸುಮ್ಮನೆ ನಿಂತಿದ್ದಳು. ಆ ನೋಟ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮರುಯತ್ನಕ್ಕೆ ನೆರವಾಗುತ್ತದೆಂದು ಪ್ರಾಣಿಶಾಸ್ತ್ರದ ಪದವಿಯನ್ನೋ ನರ್ಸಿಂಗ್‌ನಂಥ ಕೋರ್ಸನ್ನೋ ಸೇರುವಂತೆ ಸಲಹೆ ನೀಡುವವರಿದ್ದಾರೆ. ನೀಟ್‌ನ 720 ಅಂಕಗಳಲ್ಲಿ 360 ಜೀವವಿಜ್ಞಾನಕ್ಕೆ ಮೀಸಲು, ನಿಜ. ಆದರೆ ಪ್ರಶ್ನೆಗಳು ಪಿಯು ಹಂತದ ಪಠ್ಯವನ್ನೇ ಆಧರಿಸಿರುತ್ತವೆ; ಮೇಲಾಗಿ, ಪದವಿಯಲ್ಲಿ ಪ್ರಾಣಿಶಾಸ್ತ್ರ ಓದಿದ ಮಾತ್ರಕ್ಕೆ ಭೌತವಿಜ್ಞಾನದ ಲೆಕ್ಕಗಳು ಸಲೀಸಾಗುವುದಿಲ್ಲ. ನರ್ಸಿಂಗ್, ಫಿಸಿಯೋಥೆರಪಿ ಗೌರವದ ವೃತ್ತಿಗಳೇ. ಆದರೆ ಅಲ್ಲಿನ ಹಾಜರಾತಿ ಮತ್ತು ಆಸ್ಪತ್ರೆಯ ತರಬೇತಿಯ ನಡುವೆ ನೀಟ್ ಓದಿಗೆ ಬಿಡುವು ಸಿಗುವುದು ಕಷ್ಟವೆಂಬುದನ್ನು ಸೇರುವ ಮೊದಲೇ ಯಾರಾದರೂ ಹೇಳಬೇಕು. ವೈದ್ಯಕೀಯ ಸೀಟು ಸಿಗದೇ ಹೋದರೂ ಮೂರು ವರ್ಷ ಮನಸ್ಸಿಟ್ಟು ಓದಬಲ್ಲ ವಿಷಯವನ್ನೇ ಆರಿಸಿಕೊಳ್ಳುವುದು ಸರಿಯೆಂದು ನನ್ನ ಅನಿಸಿಕೆ. ನನ್ನ ಮಗಳು ಹಟ ಹಿಡಿದು ಜೀವರಸಾಯನ ವಿಜ್ಞಾನಕ್ಕೆ ಬದಲಾಯಿಸಿಕೊಂಡಳು. ಈಗ ಪ್ರಯೋಗಾಲಯದಲ್ಲಿ ನಡೆದದ್ದನ್ನು ಊಟದ ಹೊತ್ತಿನಲ್ಲಿ ಅಜ್ಜಿಗೆ ವಿವರಿಸುತ್ತಾಳೆ.

ಫಲಿತಾಂಶಕ್ಕೆ ಮುನ್ನವೇ ಪ್ರತಿ ಪಿಯು ಕಾಲೇಜಿನಲ್ಲೂ ಪೋಷಕರನ್ನು ಕೂರಿಸಿಕೊಂಡು ಈ ಕುರಿತು ಸಲಹೆ ನೀಡುವ ವ್ಯವಸ್ಥೆಯನ್ನು ಶಿಕ್ಷಣ ಇಲಾಖೆ ಮಾಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ತಾಯಿ, ಜಯನಗರ, ಬೆಂಗಳೂರು