ಏಳನೆಯ ವರ್ಷದ ಬೀಳು ಹೊಲ

ಮಾನ್ಯರೇ,

ಯಹೂದಿಗಳು ತಮ್ಮ ಧರ್ಮಗ್ರಂಥವಾದ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ, ವಾರವಾರವೂ ತಮ್ಮ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲಿ ಓದುತ್ತಾರೆ. ಅವುಗಳಲ್ಲಿ 'ಬೆಹರ್' ಎಂಬ ಭಾಗವು, ಅಂದರೆ ಮುಖ್ಯವಾಗಿ ತೋರಾದ ಯಾಜಕಕಾಂಡದ 25ನೇ ಅಧ್ಯಾಯವು, ಆರು ವರ್ಷ ಉತ್ತ ನೆಲವನ್ನು ಏಳನೆಯ ವರ್ಷ ಬೀಳು ಬಿಡಬೇಕೆಂದೂ, ತಾನಾಗಿ ಬೆಳೆದದ್ದು ಒಡೆಯನಿಗಷ್ಟೇ ಅಲ್ಲದೆ ಆಳಿಗೆ, ಪರದೇಶಿಗೆ, ದನಕರುಗಳಿಗೆ, ಕಾಡುಮೃಗಗಳಿಗೂ ಸಲ್ಲಬೇಕೆಂದೂ ವಿಧಿಸುತ್ತದೆ.

ಇದು ಬರೀ ಪಾರಾಯಣದ ಮಾತಲ್ಲ. 2021ರ ಸೆಪ್ಟೆಂಬರಿನಿಂದ ಶುರುವಾದದ್ದು ಇಂಥ ಏಳನೆಯ ವರ್ಷ; ಆ ಒಂದು ವರ್ಷ ಇಸ್ರೇಲಿನ ಕೆಲವು ರೈತರು ಬಿತ್ತನೆಯನ್ನೇ ನಿಲ್ಲಿಸಿದರು. ಹಲವರು ಜಮೀನನ್ನು ಆ ಅವಧಿಗೆ ಯಹೂದ್ಯೇತರರಿಗೆ ಕಾಗದದ ಮೇಲೆ ಮಾರಿ ಬೇಸಾಯ ಮುಂದುವರಿಸಿದರು. 19ನೇ ಶತಮಾನದ ಕೊನೆಯಲ್ಲಿ ಶುರುವಾದ ಈ ಉಪಾಯವನ್ನು ಕೆಲವು ರಬ್ಬಿಗಳು (ಯಹೂದಿ ಧರ್ಮಗುರುಗಳು) ಇಂದಿಗೂ ಒಪ್ಪುವುದಿಲ್ಲ. ಸಾಲದ ಕಂತು ಕಟ್ಟಬೇಕಾದ ರೈತನಿಗೆ ಬೇರೆ ದಾರಿ ಇರಲಿಕ್ಕಿಲ್ಲ, ನಿಜ. ಆದರೆ ಬೇಲಿ ತೆರೆದು ಹಸಿದವರನ್ನು ಒಳಬಿಡುವ ಮುಖ್ಯ ಆಶಯವೇ ಈ ಮಾರಾಟದಲ್ಲಿ ಜಾರಿಹೋಗುತ್ತದೆಂಬುದು ನನ್ನ ಆಕ್ಷೇಪ.

– ಓರ್ವ ಓದುಗ, ಮೈಸೂರು