ಆಟಿ ತಿಂಗಳ ಒಂದು ಸಂಜೆಯ ಮಾತಿಗೆ

ಕಳೆದ ಆಟಿ ತಿಂಗಳ ಮಳೆಯಲ್ಲಿ ಕುಂಬಳೆ ರೈಲು ನಿಲ್ದಾಣದಲ್ಲಿ ನನ್ನ ಕೈಯಲ್ಲಿದ್ದ ಬೈಬಲಿನ ಹೊಸ ಒಡಂಬಡಿಕೆಯನ್ನು ಕಂಡು ಮಾತನಾಡಿಸಿ, ಹೆಸರು ಹೇಳದೆಯೇ ಕಣ್ಣೂರಿನ ಗಾಡಿ ಹತ್ತಿದ ಹಿರಿಯರೇ, ಈ ಕೃತಜ್ಞತೆ ತಮಗೆ ಸಲ್ಲಬೇಕು.

ಕಾಸರಗೋಡಿನಲ್ಲಿ ಪದವಿ ಓದುತ್ತಿರುವ ನಾನು ಬೇಳದ ಇಗರ್ಜಿಯ (ಚರ್ಚಿನ) ಆಸುಪಾಸಿನಲ್ಲಿ ಬೆಳೆದವಳು; ಮನೆಯಲ್ಲಿ ಕೊಂಕಣಿಯಲ್ಲಿ ಕಲಿತ ಪ್ರಾರ್ಥನೆಗಳೆಲ್ಲ ಬಾಯಿಪಾಠವಾಗಿದ್ದರೂ ಅವು ನನ್ನವೇ ಎಂದು ಹೇಳುವ ಧೈರ್ಯ ಎರಡು ವರ್ಷಗಳಿಂದ ಇರಲಿಲ್ಲ, ಆ ಸಂಶಯವನ್ನೇ ಪಾಪವೆಂದು ಬಗೆದು ಮುಚ್ಚಿಟ್ಟಿದ್ದೆ. ತಾವು ಉಪದೇಶ ಮಾಡಲಿಲ್ಲ. ಸಂತ ಮಾರ್ಕರ ಶುಭಸಂದೇಶದ 9ನೆಯ ಅಧ್ಯಾಯವನ್ನು ತೆರೆಸಿ, ನರಳುವ ಮಗನ ತಂದೆಯು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಳ್ಳುವ 24ನೆಯ ವಚನವನ್ನು ಓದಿಸಿದಿರಿ. ಯೇಸು ಅವನನ್ನು ಗದರಿಸದೆ ಮಗನನ್ನು ಗುಣಪಡಿಸಿದ್ದನ್ನು ಗಮನಿಸಲು ಹೇಳಿದಿರಿ. ಎಷ್ಟೋ ಸಲ ಕೇಳಿದ ಭಾಗವದು, ಆದರೆ ಕನ್ನಡದಲ್ಲಿ ನಿಧಾನವಾಗಿ ಓದಿದ್ದು ಅಂದೇ ಮೊದಲು.

ಅಂದಿನಿಂದ ರಾತ್ರಿಗೊಂದು ಪ್ರಶ್ನೆಯನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದೇನೆ. ಕೆಲವಕ್ಕೆ ಉತ್ತರ ದೊರಕಿದೆ. ನೋವಿನ ಕುರಿತಾದವು, ಅದರಲ್ಲೂ ಅಜ್ಜಿಯ ಕೊನೆಯ ದಿನಗಳ ಕುರಿತಾದವು, ಹಾಗೆಯೇ ಉಳಿದಿವೆ. ಭಾನುವಾರದ ಬಲಿಪೂಜೆಗೆ ಆ ದಿನಚರಿಯನ್ನು ಜೊತೆಗೊಯ್ಯುತ್ತೇನೆ. ತಮಗೆ ಹೃತ್ಪೂರ್ವಕ ಧನ್ಯವಾದಗಳು.