ಐಸಿಯುವಿನಿಂದ ಆಚೆ ಬಂದವರಿಗೆ ಯಾರು ದಿಕ್ಕು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

2025ರ ಜನವರಿ 30ರಂದು ನಿಮ್ಮ ಇಲಾಖೆ ಒಂದು ಆದೇಶ ಹೊರಡಿಸಿತು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್‌ನಂಥ ಚಿಕಿತ್ಸೆ ನಿಲ್ಲಿಸಬೇಕೇ ಬೇಡವೇ ಅಂತ ಎರಡು ವೈದ್ಯಮಂಡಳಿಗಳು ನೋಡಬೇಕು, ಮನೆಯವರು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ 2023ರಲ್ಲಿ ಸರಳ ಮಾಡಿದ್ದನ್ನು ನೀವು ಜಾರಿಗೆ ತಂದಿರಿ. ಒಳ್ಳೆಯ ಕೆಲಸ. ಆದರೆ ಅದು ಐಸಿಯು ಒಳಗಿನ ಮಾತು. ಅಲ್ಲಿಂದ ಮನೆಗೆ ಬಂದವರ ಗತಿ ಏನು?

ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ನಗರದ ಒಂದು ಖಾಸಗಿ ಆಸ್ಪತ್ರೆಯವರು ಕೀಮೋ ನಿಲ್ಲಿಸಿ, "ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಹೇಗೆ ನೋಡಿಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಮಾತ್ರೆ ಇತ್ತು, ಗ್ಯಾಸ್ ಮಾತ್ರೆ ಇತ್ತು, ವಿಟಮಿನ್ ಕೂಡ ಇತ್ತು. ನೋವಿಗೆ ಮಾತ್ರ ಬರೀ ಪ್ಯಾರಾಸಿಟಮಾಲ್! ಮಗ್ಗುಲು ತಿರುಗಿಸಿದರೆ ದೊಡ್ಡಮ್ಮ ಚೀರುತ್ತಿದ್ದರು. ಬೆಡ್‌ಶೀಟ್ ಬದಲಿಸೋಕೂ ನಮಗೆ ಹೆದರಿಕೆ. ಇದರ ಮಧ್ಯೆ ನೆಂಟರು ಬೇರೆ: "ದುಡ್ಡು ಉಳಿಸೋಕೆ ಮನೆಗೆ ತಂದ್ರಾ?"

ಪರಿಚಯದ ನರ್ಸ್ ಒಬ್ಬರು ಪ್ಯಾಲಿಯೇಟಿವ್ ಕೇರ್, ಅಂದರೆ ರೋಗಿಯ ನೋವು, ಸಂಕಟ ಕಮ್ಮಿ ಮಾಡುವ ಆರೈಕೆಯ, ಡಾಕ್ಟರ ದಾರಿ ತೋರಿಸಿದರು. ಆ ಡಾಕ್ಟರು ಮಾರ್ಫಿನ್ ಅನ್ನುವ ಬಲವಾದ ನೋವಿನ ಮಾತ್ರೆ ಬರೆದರು, ನಾಲ್ಕು ಗಂಟೆಗೊಮ್ಮೆ. ಜೊತೆಗೆ ಮಲಬದ್ಧತೆಗೆ ಔಷಧಿ. ಮಾರ್ಫಿನ್ ಜೊತೆಗೇ ಅದೂ ಶುರುವಾಗಬೇಕಂತೆ. ಒಣಗಿದ ಬಾಯಿಯನ್ನು ಒದ್ದೆ ಹತ್ತಿಯಿಂದ ಒರೆಸುವುದು, ಬೆನ್ನಲ್ಲಿ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಎಲ್ಲ ಕಲಿಸಿಕೊಟ್ಟರು. ದೊಡ್ಡಮ್ಮ ರಾತ್ರಿ ನಿದ್ದೆ ಮಾಡತೊಡಗಿದರು. ಒಂದು ಮಧ್ಯಾಹ್ನ ತಿಳಿಸಾರು ಅನ್ನ ಕೇಳಿ, ಉಪ್ಪು ಕಮ್ಮಿ ಅಂತ ಬೈದರು.

ಇದೂ ಚಿಕಿತ್ಸೆಯೇ ಅಲ್ವಾ ಸಾರ್? ಕೀಮೋ ನಡೆಯುತ್ತಿದ್ದಾಗಲೇ ಶುರುವಾಗಬೇಕಿತ್ತು.

ಬೆಂಗಳೂರಿನಲ್ಲಿ ಏನೂ ಇಲ್ಲ ಅಂತಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕರುಣಾಶ್ರಯದಲ್ಲಿ ಕ್ಯಾನ್ಸರ್ ರೋಗಿಗಳನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ. ಆದರೆ ಕಿಡ್ನಿ ಕೈಕೊಟ್ಟವರು, ಹೃದಯ ಸೋತವರು, ಮರೆವಿನ ಕಾಯಿಲೆಯವರು ಎಲ್ಲಿಗೆ ಹೋಗಬೇಕು? ಮಾರ್ಫಿನ್ ಅಂದರೆ ಮೆಡಿಕಲ್ ಸ್ಟೋರಿನವರು ನಮ್ಮನ್ನು ಕಳ್ಳರ ಥರ ನೋಡಿದರು. ಮಾದಕವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ. ಕಾನೂನು ಬದಲಾದರೂ ಭಯ ಹೋಗಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಕೆ.ಸಿ. ಜನರಲ್, ಜಯನಗರ ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾರ್ಫಿನ್ ಯಾವ ದಿನ ಹೋದರೂ ಸಿಗಲಿ, ಬರೆಯಲು ತರಬೇತಿ ಪಡೆದ ಡಾಕ್ಟರೂ ಇರಲಿ. ನಗರದಲ್ಲಿ ಎಲ್ಲೆಲ್ಲಿ ಸಿಗುತ್ತದೆ ಅಂತ ಪಟ್ಟಿಯನ್ನು ಕನ್ನಡದಲ್ಲಿ ಹಾಕಿಸಿ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಹೋಗಿ ಬಿಪಿ, ಶುಗರ್ ನೋಡುತ್ತಿದ್ದೀರಿ. ಹಾಸಿಗೆ ಹಿಡಿದವರ ಮನೆಗೂ ಅದೇ ಥರ ಒಬ್ಬ ನರ್ಸನ್ನು ಕಳಿಸಿ. ಇದಕ್ಕೆ ದೊಡ್ಡ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. (ಅದಕ್ಕೇ ಯಾರಿಗೂ ಆಸಕ್ತಿ ಇಲ್ವೇನೋ!)

ಇನ್ನೊಂದು ಸಣ್ಣ ವಿಷಯ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರದ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಕೊಡಬೇಕು ಅನ್ನುತ್ತದೆ ಕೋರ್ಟ್. ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ಯಾವ ಕಚೇರಿ, ಯಾವ ಅಧಿಕಾರಿ, ದಯವಿಟ್ಟು ಪ್ರಕಟಿಸಿ. ನಮ್ಮಮ್ಮನ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ, ನೋಟರಿ ಸೀಲು ಎಲ್ಲ ಆಗಿದೆ. ತಗೊಳ್ಳುವವರು ಬೇಕಾಗಿದ್ದಾರೆ.

ಇಂತಿ ನಮಸ್ಕಾರಗಳು,
ತ್ಯಾಗರಾಜನಗರದ ಒಬ್ಬ ನಿವಾಸಿ